ಅಸ್ಥಿರಕ್ಷಕ ಔಷಧಗಳೂ ದವಡೆಯ ಮೂಳೆಯೂ

ಸ್ತನ, ಪ್ರಾಸ್ಟೇಟ್ ಗ್ರಂಥಿ ಮೊದಲಾದ ಅವಯವಗಳ ಕ್ಯಾನ್ಸರ್ ಮೂಳೆಗಳಿಗೆ ಹರಡಿದಾಗ ರೋಗಿಯು ಪಡುವ ಯಾತನೆ ಅಪಾರವಾದುದು. ಮೂಳೆಗಳು ಶಿಥಿಲವಾಗಿ ಸಣ್ಣ ಪೆಟ್ಟಿಗೂ ಮುರಿಯುತ್ತವೆ. ಇದನ್ನು ತಡೆಯಲು ಪಾಮಿಡ್ರೊನೇಟ್, ಜೊಲೆಡ್ರೊನೇಟ್ ಎಂಬ ಬಿಸ್‌ಫಾಸ್ಫೊನೇಟ್ ವರ್ಗದ ಔಷಧಗಳೂ, ಡೆನೋಸುಮಾಬ್ ಎಂಬ ಇನ್ನೊಂದು ಔಷಧವೂ ಬಳಕೆಗೆ ಬಂದಿವೆ. ಇವುಗಳಿಂದಾದ ಉಪಕಾರ ನಿರ್ವಿವಾದವಾದುದು. ಆದರೆ ಇವೇ ಔಷಧಗಳನ್ನು ಪಡೆದ ಕೆಲವರಲ್ಲಿ ದವಡೆಯ ಮೂಳೆ ನಿರ್ಜೀವವಾಗುವುದುಂಟು. ಈ ವೈಚಿತ್ರ್ಯದ ಕಾರಣವನ್ನೂ ನಿವಾರಣೋಪಾಯವನ್ನೂ ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲಾಗಿದೆ.

ಮೂಳೆಯು ಜಡವಸ್ತುವಲ್ಲ. ಹಳೆಯ ಭಾಗವನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್ ಎಂಬ ಜೀವಕೋಶಗಳೂ, ಆ ಸ್ಥಳದಲ್ಲಿ ಹೊಸ ಮೂಳೆಯನ್ನು ಕಟ್ಟುವ ಆಸ್ಟಿಯೋಬ್ಲಾಸ್ಟ್ ಎಂಬ ಜೀವಕೋಶಗಳೂ ಅದರಲ್ಲಿ ಸದಾ ಕಾರ್ಯನಿರತವಾಗಿವೆ. ಮೂಳೆಯನ್ನು ಹೊಕ್ಕ ಕ್ಯಾನ್ಸರ್ ಮೊದಲನೆಯವನ್ನು ಪ್ರಚೋದಿಸಿ, ಅವುಗಳಿಂದಲೇ ಮೂಳೆಯನ್ನು ಕೊರೆಯಿಸುತ್ತದೆ. ಬಿಸ್‌ಫಾಸ್ಫೊನೇಟುಗಳು ಮೂಳೆಯ ಖನಿಜಕ್ಕೆ ಅಂಟಿಕೊಂಡಿದ್ದು, ಕರಗಿಸಲು ಬಂದ ಕೋಶವನ್ನು ಹೊಕ್ಕು ನಿಷ್ಕ್ರಿಯಗೊಳಿಸುತ್ತವೆ. ಡೆನೋಸುಮಾಬ್ ಅಂತಹ ಕೋಶಗಳ ಬೆಳವಣಿಗೆಯನ್ನೇ ತಡೆಯುತ್ತದೆ. ಮೂಳೆಯ ಕ್ಷಯವೇನೋ ತಗ್ಗುತ್ತದೆ. ಆದರೆ ಅದರೊಡನೆ ಅದರ ನವೀಕರಣವೂ ಕುಂಠಿತವಾಗುತ್ತದೆ.

ಇದರ ದುಷ್ಫಲ ವಿಶೇಷವಾಗಿ ದವಡೆಯಲ್ಲಿಯೇ ಕಾಣಿಸುವುದೇಕೆ? ಅಗಿಯುವಾಗ ಸತತವಾಗಿ ಒತ್ತಡಕ್ಕೆ ಸಿಕ್ಕುವ ಈ ಮೂಳೆಗೆ ನವೀಕರಣದ ಅಗತ್ಯ ಹೆಚ್ಚು. ಅದರ ಮೇಲಣ ಹೊದಿಕೆಯಾದರೋ ತೆಳುವಾದುದು. ಬಾಯಿಯಲ್ಲಿ ಸೂಕ್ಷ್ಮಜೀವಿಗಳು ಅಸಂಖ್ಯಾತ. ಹಲ್ಲನ್ನು ಕಿತ್ತಾಗ ಉಂಟಾಗುವ ಕುಳಿಯು ಹೊಸ ಮೂಳೆಯಿಂದ ತುಂಬದೆ ಹೋದರೆ ಸೋಂಕಿಗೆ ದಾರಿಯಾಗುತ್ತದೆ. ಒಸಡು ಕೂಡದೆ ಮೂಳೆ ಹೊರಗಾಣುತ್ತದೆ. ನೋವು, ಊತ, ಕೀವು ಅನುಸರಿಸುತ್ತವೆ. ಮೇಲ್ದವಡೆಗಿಂತ ಕೆಳದವಡೆಯಲ್ಲಿ ಇದು ಹೆಚ್ಚು. ದವಡೆಗೆ ವಿಕಿರಣ ಚಿಕಿತ್ಸೆಯಾಗಲಿ ಕ್ಯಾನ್ಸರಿನ ಹರಡುವಿಕೆಯಾಗಲಿ ಇಲ್ಲದೆ, ಇಂತಹ ಔಷಧ ಪಡೆದವರಲ್ಲಿ 8 ವಾರಗಳಿಗೂ ಮೀರಿ ಮೂಳೆ ತೆರೆದಿದ್ದರೆ ಈ ರೋಗವೆಂದು ನಿರ್ಣಯಿಸುತ್ತಾರೆ.

2003ರಲ್ಲಿ ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ ಇಂತಹ 36 ರೋಗಿಗಳ ವಿಷಯವನ್ನು ಪ್ರಕಟಿಸಿ ವೈದ್ಯಲೋಕದ ಗಮನ ಸೆಳೆದರು. ದವಡೆಯ ಇಂತಹ ದುರವಸ್ಥೆ ಅದಕ್ಕೂ ಹಿಂದೆ ಅಪರಿಚಿತವಾಗಿರಲಿಲ್ಲ. 19ನೆಯ ಶತಮಾನದ ಬೆಂಕಿಕಡ್ಡಿ ಕಾರ್ಖಾನೆಗಳಲ್ಲಿ ಬಿಳಿ ರಂಜಕದ ಹೊಗೆಯನ್ನು ಸೇವಿಸಿದ ಕಾರ್ಮಿಕರ ದವಡೆಗಳೂ ಹೀಗೆಯೇ ಕೊಳೆಯುತ್ತಿದ್ದುವು. 1906ರ ಬರ್ನ್ ಒಪ್ಪಂದವು ಕಡ್ಡಿಗಳಲ್ಲಿ ಆ ವಸ್ತುವಿನ ಬಳಕೆಯನ್ನು ನಿಷೇಧಿಸಿತು. ವಿಷವನ್ನು ನಿಷೇಧಿಸಬಹುದು, ಪ್ರಯೋಜನಕಾರಿಯಾದ ಔಷಧವನ್ನು ಹಾಗೆ ತೊರೆಯಲಾಗದು.

ಆದುದರಿಂದ ಮುನ್ನೆಚ್ಚರಿಕೆಯೇ ಮುಖ್ಯೋಪಾಯ. ಔಷಧದ ಮೊದಲ ಚುಚ್ಚುಮದ್ದಿಗೆ ಮುಂಚೆಯೇ ಹಲ್ಲುಗಳ ಪರೀಕ್ಷೆ ನಡೆಯಬೇಕು. ಉಳಿಸಲಾಗದ ಹಲ್ಲನ್ನು ಆಗಲೇ ಕಿತ್ತು, ಕ್ಯಾನ್ಸರಿನ ಸ್ಥಿತಿ ಅವಕಾಶ ಕೊಟ್ಟರೆ, ಗಾಯ ಮಾಯುವವರೆಗೆ ಕಾಯಬೇಕು. ಅನಂತರ ಬಾಯಿಯ ಶುಚಿತ್ವವನ್ನು ಕಾಪಾಡಿ, ಹಲ್ಲು ಕೀಳುವುದನ್ನು ಸಾಧ್ಯವಾದಷ್ಟು ವರ್ಜಿಸಬೇಕು. ಬಿಸ್‌ಫಾಸ್ಫೊನೇಟು ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ, ಔಷಧವನ್ನು ನಿಲ್ಲಿಸಿದ ಮಾತ್ರಕ್ಕೆ ಅಪಾಯವು ತಪ್ಪದು.

ಕ್ಯಾನ್ಸರ್ ರೋಗಿಗಳಲ್ಲಿಯೂ ಈ ತೊಡಕು ಸಾಮಾನ್ಯವಾಗಿ ನೂರಕ್ಕೆ ಐವರಿಗಿಂತ ಕಡಿಮೆ ಮಂದಿಗೆ ಬರುತ್ತದೆ. ಅಲ್ಪ ಪ್ರಮಾಣದಲ್ಲಿ ಔಷಧ ಪಡೆಯುವ ಅಸ್ಥಿಸವಕಳಿಯ ರೋಗಿಗಳಲ್ಲಿ ಇನ್ನೂ ವಿರಳ. ಭಯದಿಂದ ರೋಗಿಯು ತಾನಾಗಿ ಔಷಧವನ್ನು ಬಿಡುವುದು ಸಲ್ಲದು. ಕ್ಯಾನ್ಸರ್ ತಜ್ಞನೂ ದಂತವೈದ್ಯನೂ ಆರಂಭದಲ್ಲಿಯೇ ಪರಸ್ಪರ ಸಮಾಲೋಚಿಸಿದರೆ ಈ ಸಂಕಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.