ಬಂದೂಕಿನ ಬತ್ತಳಿಕೆ

ಯುದ್ಧಸಾಮಗ್ರಿಯ ಮಾತು ಬಂದಾಗ ಜನರ ದೃಷ್ಟಿ ದೊಡ್ಡ ವಸ್ತುಗಳ ಕಡೆಗೆ ಹರಿಯುವುದು ಸಹಜವಾಗಿದೆ. ವಿಮಾನಗಳೆಷ್ಟು, ಟ್ಯಾಂಕುಗಳೆಷ್ಟು, ಯಾವ ದೇಶದಿಂದ ಎಷ್ಟು ಕೋಟಿ ಕೊಟ್ಟು ತಂದದ್ದು ಎಂಬ ಚರ್ಚೆಗೆ ಪಾರ್ಲಿಮೆಂಟಿನಲ್ಲಾಗಲಿ ವೃತ್ತಪತ್ರಿಕೆಗಳಲ್ಲಾಗಲಿ ಸ್ಥಳದ ಅಭಾವ ಎಂದೂ ತೋರಿಬಂದಿಲ್ಲ. ಇಂದು ನಾವು ವಾಚಕರ ಮುಂದಿಡುವ ವಸ್ತುವಾದರೋ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದರ ಬೆಲೆ ರೈಫಲಿನ ಬೆಲೆಯಲ್ಲಿ ಅತ್ಯಲ್ಪಾಂಶ. ಆದರೂ ಶತ್ರುವಿನ ಮುಂದೆ ನಿಂತ ಸಿಪಾಯಿಯ ಪ್ರಾಣವು ವಿಮಾನಕ್ಕಿಂತ ಹೆಚ್ಚಾಗಿ ಅದನ್ನೇ ಅವಲಂಬಿಸಿರುವ ಗಳಿಗೆಗಳುಂಟು. ರೈಫಲಿನ ಅಡಿಯಲ್ಲಿ ಸಿಕ್ಕಿಸುವ ತೋಟಾಪೆಟ್ಟಿಗೆಯೇ ಆ ವಸ್ತು. ಸಿಪಾಯಿಗಳು ಅದನ್ನು ಮ್ಯಾಗಜೀನ್ ಎನ್ನುತ್ತಾರೆ.

ಮ್ಯಾಗಜೀನ್ ಎಂದೊಡನೆ ನಮ್ಮ ವೃತ್ತಿಬಾಂಧವರಿಗೆ ಮಾಸಪತ್ರಿಕೆಯ ನೆನಪಾದೀತು. ಅದರಲ್ಲಿ ತಪ್ಪೇನೂ ಇಲ್ಲ. ಅರಬ್ಬೀ ಭಾಷೆಯಲ್ಲಿ ಉಗ್ರಾಣಕ್ಕೆ ಮಖ್ಜನ್ ಎಂದು ಹೆಸರು. ಅದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಮಾತು ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಖಜಾನೆಯಾಗಿ ನೆಲೆಸಿತು. ಮಖ್ಜನ್ ಮಾತ್ರ ಯೂರೋಪಿಗೆ ಹೋಗಿ ಮದ್ದಿನ ಮನೆಯಾಯಿತು. 1731 ರಲ್ಲಿ ಲಂಡನ್ನಿನ ಒಂದು ಪತ್ರಿಕೆಯ ಹೆಸರಿನಲ್ಲಿ ಸೇರಿ ಲೇಖನಗಳ ಉಗ್ರಾಣವಾಯಿತು. ಮುಂದೆ ಬಂದೂಕಿನ ಹೊಟ್ಟೆಯನ್ನೂ ಹೊಕ್ಕಿತು. ಖಾಂಡವದಹನದ ಕಾಲದಲ್ಲಿ ಅಗ್ನಿಯು ವರುಣನಿಂದ ಪಡೆದು ಅರ್ಜುನನಿಗೆ ಕೊಟ್ಟದ್ದು ಗಾಂಡೀವವೊಂದನ್ನೇ ಅಲ್ಲ. ಅದರೊಡನೆ ಅಕ್ಷಯತೂಣೀರಗಳನ್ನೂ ಕೊಟ್ಟನು. ಬತ್ತಳಿಕೆಯಿಲ್ಲದ ಬಿಲ್ಲು ಬಾಗಿದ ಕೋಲಷ್ಟೆ ಎಂಬುದನ್ನು ನಮ್ಮ ಹಿರಿಯರು ಅರಿತಿದ್ದರು. ಇಂದಿನ ಸಿಪಾಯಿಯ ಬತ್ತಳಿಕೆಯೇ ಈ ಪೆಟ್ಟಿಗೆ.

ಇದರ ರಚನೆ ನೋಡುವುದಕ್ಕೆ ಬಹು ಸರಳ. ಒಂದು ಕವಚ, ಅದರೊಳಗೆ ಒಂದು ಸ್ಪ್ರಿಂಗು, ಸ್ಪ್ರಿಂಗಿನ ಮೇಲೆ ತೋಟಾಗಳನ್ನು ಹೊತ್ತು ಏರುವ ಒಂದು ಹಲಗೆ, ಮೇಲೆ, ತೋಟಾ ಹಾರಿಹೋಗದಂತೆ ಎರಡು ಕಡೆಯಿಂದ ತಡೆದು ನಿಲ್ಲಿಸುವ ಎರಡು ತುಟಿಗಳು. ಇಷ್ಟೇ. ಆದರೆ ಇದು ಮಾಡಬೇಕಾದ ಕೆಲಸವನ್ನು ನೋಡಿರಿ. ನಿಮಿಷಕ್ಕೆ 600 ಗುಂಡುಗಳ ವೇಗದಲ್ಲಿ ಹಾರಿಸುವ ರೈಫಲಿನಲ್ಲಿ ಒಂದೊಂದು ಗುಂಡಿಗೂ ದೊರೆಯುವ ಕಾಲ ಸೆಕೆಂಡಿನ ಹತ್ತನೆಯ ಒಂದು ಪಾಲು. ಅಷ್ಟರೊಳಗೆ ಬೋಲ್ಟು ಹಿಂದಕ್ಕೆ ಸರಿದು ಖಾಲಿ ಕೊಳವೆಯನ್ನು ಹೊರಗೆಸೆದು, ಮರಳಿ ಮುಂದಕ್ಕೆ ಬರುವಾಗ ಹೊಸ ತೋಟಾವನ್ನು ನೂಕಿಕೊಂಡು ಹೋಗಬೇಕು. ಬೋಲ್ಟು ಹಿಂದಿರುವ ಆ ಕ್ಷಣಾಂಶದಲ್ಲಿಯೇ ಸ್ಪ್ರಿಂಗು ತೋಟಾಗಳ ಸಾಲನ್ನೆಲ್ಲ ಒಂದು ಮೆಟ್ಟಿಲು ಮೇಲಕ್ಕೆತ್ತಿರಬೇಕು. ಪೆಟ್ಟಿಗೆ ತುಂಬಿದ್ದಾಗ ಎತ್ತಬೇಕಾದ ಭಾರ ಹೆಚ್ಚು. ಬರಿದಾಗುತ್ತ ಬಂದಾಗ ಸ್ಪ್ರಿಂಗಿನ ಬಲವೇ ಕಡಮೆ. ತುಟಿಗಳು ಕೂದಲೆಳೆಯಷ್ಟು ಅಗಲಿದರೆ ತೋಟಾದ ಮೂಗು ಮೇಲೆದ್ದು ಅಡ್ಡವಾಗುತ್ತದೆ. ಒಳಗಿನ ಹಲಗೆ ಓರೆಯಾದರೆ ಸಾಲು ಏರುವುದೇ ಇಲ್ಲ. ಧೂಳು ಹೊಕ್ಕರೆ ಏರುವುದು ತಡವಾಗುತ್ತದೆ. ಈ ಮೂರರಲ್ಲಿ ಯಾವುದೊಂದಾದರೂ ಸಾವಿರಾರು ರೂಪಾಯಿಯ ರೈಫಲು ಒನಕೆಗೆ ಸಮಾನ. ನಮ್ಮ ಮುದ್ರಣಾಲಯದಲ್ಲಿಯೂ ನಾವು ಕಂಡದ್ದು ಇದೇ. ಯಂತ್ರವು ಎಷ್ಟೇ ಉತ್ತಮವಾಗಿರಲಿ, ಕಾಗದದ ಹಾಳೆ ಕಾಲಕ್ಕೆ ಸರಿಯಾಗಿ ಒಳಸೇರದಿದ್ದರೆ ಆ ದಿನದ ಪತ್ರಿಕೆ ಹೊರಡದು. ನಮಗೆ ಆಗುವ ನಷ್ಟ ಒಂದು ದಿನದ ವ್ಯಾಪಾರ. ಸಿಪಾಯಿಗೆ ಆಗುವ ನಷ್ಟ ಬೇರೆ.

ಕಳಚಿ ಹಾಕಬಹುದಾದ ಪೆಟ್ಟಿಗೆಗೆ 1879 ರಲ್ಲಿ ಪೇಟೆಂಟ್ ಪಡೆದವನು ಜೇಮ್ಸ್ ಪ್ಯಾರಿಸ್ ಲೀ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದು ಅಮೆರಿಕದಲ್ಲಿ ಕೆಲಸ ಮಾಡಿದವನು. ಎರಡು ಮಹಾಯುದ್ಧಗಳಲ್ಲಿಯೂ ನಮ್ಮ ಸಿಪಾಯಿಗಳು ಹೊತ್ತ, 1962 ರಲ್ಲಿ ಚೀಣೀಯರೆದುರಿಗೂ ಅನೇಕರ ಕೈಯಲ್ಲಿದ್ದ ಲೀ ಎನ್‌ಫೀಲ್ಡ್ ಬಂದೂಕಿಗೆ ಅವನ ಹೆಸರೇ ಅಂಟಿಕೊಂಡಿದೆ. ಆ ಬಂದೂಕಿನ ಪೆಟ್ಟಿಗೆ ಹತ್ತು ತೋಟಾಗಳದು. ಕಳಚಬಹುದಾಗಿದ್ದರೂ ಅದನ್ನು ಕಳಚುತ್ತಿದ್ದುದು ಶುದ್ಧಿಮಾಡುವುದಕ್ಕೆ ಮಾತ್ರ. ತೋಟಾಗಳನ್ನು ಐದೈದರಂತೆ ಮೇಲಿನಿಂದಲೇ ತುಂಬುತ್ತಿದ್ದರು. ಹೀಗಾಗಿ ಒಂದು ಬಂದೂಕಿಗೆ ಒಂದು ಪೆಟ್ಟಿಗೆ ಹೊಂದಿಕೊಂಡು ದಂಪತಿಗಳಂತೆ ಬಾಳಿದುವು. ತಾನಾಗಿ ತುಂಬಿಕೊಳ್ಳುವ ಬಂದೂಕುಗಳು ಬಂದ ಮೇಲೆ ಸ್ಥಿತಿ ಬದಲಾಯಿತು. ಸಿಪಾಯಿಯು ತುಂಬಿದ ಪೆಟ್ಟಿಗೆಗಳನ್ನೇ ಸೊಂಟಕ್ಕೆ ಕಟ್ಟಿಕೊಂಡು, ಒಂದು ಬರಿದಾದೊಡನೆ ಕಿತ್ತು ಇನ್ನೊಂದನ್ನು ಸಿಕ್ಕಿಸತೊಡಗಿದನು. ಪೆಟ್ಟಿಗೆ ಕಲ್ಲಿನ ಮೇಲೆ ಬಿದ್ದಿತು, ಕೆಸರಿನಲ್ಲಿ ಹೊರಳಿತು, ಒಬ್ಬನ ಕೈಯಿಂದ ಒಬ್ಬನ ಕೈಗೆ ಹೋಯಿತು. ಬಂದೂಕಿನಷ್ಟೇ ಶ್ರಮಪಡುವ ವಸ್ತುವಾಯಿತು. ಬಂದೂಕಿಗೆ ಸಲ್ಲುವ ಗೌರವ ಮಾತ್ರ ಅದಕ್ಕೆ ಸಲ್ಲಲಿಲ್ಲ.

ಈ ಅಲಕ್ಷ್ಯದ ಫಲವನ್ನು ದೊಡ್ಡ ರಾಷ್ಟ್ರಗಳೂ ಉಂಡಿವೆ. ಮೊದಲನೆಯ ಮಹಾಯುದ್ಧದಲ್ಲಿ ಫ್ರೆಂಚರು ಶೋಶಾ ಎಂಬ ಹಗುರವಾದ ಮೆಷಿನ್‌ಗನ್ನನ್ನು ಎರಡು ಲಕ್ಷಕ್ಕೂ ಮೇಲ್ಪಟ್ಟು ತಯಾರಿಸಿದರು. ಅದರ ಪೆಟ್ಟಿಗೆ ಅರ್ಧಚಂದ್ರಾಕಾರದ್ದು, ತೆಳುವಾದ ತಗಡಿನದು. ಉಳಿದ ತೋಟಾಗಳೆಷ್ಟೆಂಬುದು ಕಾಣಲೆಂದು ಅದರ ಪಕ್ಕದಲ್ಲಿ ಕಿಂಡಿಗಳನ್ನು ತೆರೆದಿಟ್ಟಿದ್ದರು. ಕಾರ್ಖಾನೆಯಲ್ಲಿ ನೋಡಿದವರಿಗೆ ಇದು ಜಾಣತನವೆಂದೇ ತೋರಿರಬೇಕು. ಕಂದಕದ ಕೆಸರಿಗೆ ಮಾತ್ರ ಅದು ತೆರೆದ ಬಾಗಿಲಾಯಿತು. ಆ ಬಂದೂಕು ಪಡೆದ ಅಪಕೀರ್ತಿಯಲ್ಲಿ ಬಹುಪಾಲು ಅದರ ಪೆಟ್ಟಿಗೆಯ ಗಳಿಕೆ. ಎರಡನೆಯ ಮಹಾಯುದ್ಧದ ಬ್ರೆನ್ ಗನ್ ಬಹು ನೆಚ್ಚಿನ ಆಯುಧವೆನಿಸಿತು. ಆದರೂ 30 ಹಿಡಿಯುವ ಅದರ ಪೆಟ್ಟಿಗೆಗೆ 28 ನ್ನು ಮಾತ್ರ ತುಂಬುವ ವಾಡಿಕೆ ಬೆಳೆಯಿತು. ವಿಯಟ್ನಾಮಿನಲ್ಲಿ ಅಮೆರಿಕದ ಸಿಪಾಯಿಗಳು 20 ರ ಪೆಟ್ಟಿಗೆಗೆ 18 ನ್ನು ತುಂಬಿದರು. ಪೆಟ್ಟಿಗೆಯ ಮೇಲೆ ನಂಬಿಕೆ ಪೂರ್ತಿಯಾಗದಿದ್ದಾಗ ಸಿಪಾಯಿ ತಾನೇ ಕಂಡುಕೊಂಡ ವಿಮೆ ಇದು.

2007 ರಲ್ಲಿ ಅಮೆರಿಕದ ಸೈನ್ಯದವರು ತಮ್ಮ ಎಂ-4 ರೈಫಲುಗಳನ್ನು ದಟ್ಟವಾದ ಧೂಳಿನಲ್ಲಿ ಪರೀಕ್ಷಿಸಿದರು. ಹತ್ತು ರೈಫಲುಗಳಿಂದ 60,000 ಗುಂಡುಗಳನ್ನು ಹಾರಿಸಲಾಗಿ 882 ಸಲ ತಡೆಯುಂಟಾಯಿತು. ಅವುಗಳಲ್ಲಿ 239 ತಡೆಗಳಿಗೆ ಕಾರಣ ರೈಫಲಲ್ಲ, ಪೆಟ್ಟಿಗೆ. ಎಂದರೆ ನಾಲ್ಕರಲ್ಲೊಂದಕ್ಕಿಂತ ಹೆಚ್ಚು. ಈ ಅಂಕಿಗಳನ್ನು ಅವರು ಮುಚ್ಚಿಡಲಿಲ್ಲ. 2009 ರಲ್ಲಿ ಒಳಗಿನ ಹಲಗೆಯ ಆಕಾರವನ್ನು ಬದಲಾಯಿಸಿ, ಅದಕ್ಕೆ ಬೇರೆ ಬಣ್ಣವನ್ನೂ ಕೊಟ್ಟು, ಹಳೆಯದಾವುದು ಹೊಸದಾವುದು ಎಂಬುದು ಸಿಪಾಯಿಗೆ ಕಣ್ಣಿಗೇ ಕಾಣುವಂತೆ ಮಾಡಿದರು. ಇಂಗ್ಲಿಷರು 1985 ರಲ್ಲಿ ಸ್ವೀಕರಿಸಿದ ತಮ್ಮ ಎಸ್‌ಎ-80 ರೈಫಲಿನ ಮೇಲೆ ದೂರುಗಳು ಕೇಳಿಬಂದು, ಕಡೆಗೆ ಜರ್ಮನ್ ಕಂಪನಿಯೊಂದರಿಂದ ಅದನ್ನು ತಿದ್ದಿಸಿಕೊಂಡಾಗ ಬದಲಾಯಿಸಿದ ಭಾಗಗಳಲ್ಲಿ ತೋಟಾಪೆಟ್ಟಿಗೆಯೂ ಒಂದು. ತಪ್ಪು ಮಾಡದ ರಾಷ್ಟ್ರವಿಲ್ಲ; ತಪ್ಪನ್ನು ಎಣಿಸಿ ಬರೆದಿಟ್ಟ ರಾಷ್ಟ್ರಕ್ಕೆ ತಿದ್ದಿಕೊಳ್ಳುವ ದಾರಿಯುಂಟು.

ಈಗ ನಮ್ಮ ಮನೆಯ ವಿಚಾರಕ್ಕೆ ಬರೋಣ. ಪುಣೆಯ ಶಸ್ತ್ರಸಂಶೋಧನಾಲಯದಲ್ಲಿ ರೂಪಿಸಿ, ಈಶಾಪುರ, ಕಾನ್ಪುರ, ತಿರುಚಿನಾಪಳ್ಳಿಗಳ ಕಾರ್ಖಾನೆಗಳಲ್ಲಿ ತಯಾರಿಸಿದ ಇನ್ಸಾಸ್ ರೈಫಲು ನಮ್ಮ ಸೈನ್ಯವನ್ನು ಸೇರಿದಾಗ ದೇಶಾಭಿಮಾನಿಗಳೆಲ್ಲರೂ ಹಿಗ್ಗಿದರು. ಹಿಗ್ಗಿದವರಲ್ಲಿ ನಾವೂ ಇದ್ದೆವು. ಅದರ ಪೆಟ್ಟಿಗೆ 20 ತೋಟಾಗಳದು, ಪ್ಲಾಸ್ಟಿಕ್ಕಿನದು, ಉಳಿದ ತೋಟಾಗಳು ಹೊರಗಿನಿಂದ ಕಾಣಲೆಂದು ಬೆಳಕು ತೂರುವಂತೆ ಮಾಡಿದ್ದು. 1999 ರ ಬೇಸಗೆಯಲ್ಲಿ ಕಾರ್ಗಿಲಿನ ಯುದ್ಧ ಒದಗಿತು. ಟೈಗರ್ ಹಿಲ್ಲಿನಂತಹ, 16,000 ಅಡಿಗಳನ್ನು ಮೀರಿದ ಶಿಖರಗಳನ್ನು ನಮ್ಮವರು ರಾತ್ರಿಯ ಕೊರೆಯುವ ಚಳಿಯಲ್ಲಿ ಹತ್ತಿದರು. ಅಲ್ಲಿಂದ ಬಂದ ವರದಿಗಳಲ್ಲಿ ಈ ರೈಫಲು ತಡೆಯುತ್ತಿದೆ, ಚಳಿಗೆ ಇದರ ಪೆಟ್ಟಿಗೆ ಬಿರಿಯುತ್ತಿದೆ ಎಂಬ ಮಾತುಗಳು ಸೇರಿದ್ದುವು. ಚಳಿ ಏರಿದಂತೆ ಕೆಲವು ಪ್ಲಾಸ್ಟಿಕ್ಕುಗಳು ಗಾಜಿನಂತೆ ಪೆಡಸಾಗುವುವೆಂಬುದು ಶಾಲೆಯ ಹುಡುಗನೂ ಬಲ್ಲ ಸಂಗತಿ. ಸಿಯಾಚಿನ್ನಿನ ಹಿಮದಲ್ಲಿ 1984 ರಿಂದಲೂ ಕಾವಲಿದ್ದ ಸೈನ್ಯಕ್ಕೆ ಚಳಿ ಹೊಸ ಶತ್ರುವಾಗಿರಲಿಲ್ಲ. ಶೋಶಾದ ಕಿಂಡಿಯೂ ಇನ್ಸಾಸಿನ ಮಿಂಚುವ ಕವಚವೂ ಹುಟ್ಟಿದ್ದು ಒಂದೇ ಆಸೆಯಿಂದ. ಎಂಬತ್ತು ವರ್ಷಗಳ ಅಂತರದಲ್ಲಿಯೂ ಕಲಿತ ಪಾಠ ಮಾತ್ರ ಅಲ್ಪ.

ಆ ಯುದ್ಧದಲ್ಲಿ ನಮ್ಮ 527 ಮಂದಿ ವೀರರು ಮಡಿದರು. ಅವರಲ್ಲಿ ಯಾರ ಸಾವಿನ ಹೊಣೆಯನ್ನೂ ನಾವು ಒಂದು ಪ್ಲಾಸ್ಟಿಕ್ ಪೆಟ್ಟಿಗೆಯ ಮೇಲೆ ಹೊರಿಸುವುದಿಲ್ಲ. ಹಾಗೆ ಮಾಡುವುದು ಸತ್ಯಕ್ಕೂ ಅವರ ಶೌರ್ಯಕ್ಕೂ ಸಲ್ಲದು. ಆದರೆ ಒಬ್ಬ ಸಿಪಾಯಿಯಾದರೂ ಗುಡ್ಡದ ಅಂಚಿನಲ್ಲಿ ತನ್ನ ಬತ್ತಳಿಕೆಯನ್ನು ಸಂಶಯದಿಂದ ನೋಡಿಕೊಳ್ಳುವ ಸ್ಥಿತಿ ಬಂದಿತೆಂದರೆ, ಹಿಂದೆ ಸುರಕ್ಷಿತವಾಗಿ ಕುಳಿತ ನಮಗೆಲ್ಲರಿಗೂ ಅದು ತಲೆತಗ್ಗಿಸತಕ್ಕ ಮಾತು.

2005 ರಲ್ಲಿ ನೇಪಾಳದ ಕಾಲಿಕೋಟ್ ಕಾಳಗದ ತರುವಾಯ ಅಲ್ಲಿನ ಸೈನ್ಯದವರು ನಮ್ಮಿಂದ ಪಡೆದ ಇದೇ ರೈಫಲಿನ ಮೇಲೆ ದೂರು ಹೇಳಿದರು. ಅದನ್ನು ಬಳಸಿದ ರೀತಿ ಸರಿಯಿರಲಿಲ್ಲವೆಂದು ನಮ್ಮ ಕಡೆಯಿಂದ ಉತ್ತರ ಹೋಯಿತು. ಆ ಉತ್ತರದಲ್ಲಿ ನಿಜಾಂಶವಿದ್ದರೂ ಇರಬಹುದು. ಆದರೆ ದೂರು ಬಂದೊಡನೆ ಮೊದಲು ವಸ್ತುವನ್ನು ಪರೀಕ್ಷಿಸುವುದು ಒಳ್ಳೆಯ ವರ್ತಕನ ಲಕ್ಷಣ. ಕೊಂಡವನನ್ನು ಪರೀಕ್ಷಿಸುವುದು ಬೇರೆ ಬಗೆಯ ವರ್ತಕನ ಲಕ್ಷಣ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯನ್ನು ನಮ್ಮ ಇಲಾಖೆಗಳು ಗೋಡೆಯ ಮೇಲೆ ಬರೆದಿಟ್ಟುಕೊಂಡರೆ ಒಳ್ಳೆಯದು.

ಇಲ್ಲಿ ಒಂದು ಆಕ್ಷೇಪಣೆ ಏಳುವುದನ್ನು ನಾವು ಬಲ್ಲೆವು. ಸ್ವದೇಶೀ ವಸ್ತುವಿನ ಲೋಪವನ್ನು ಸ್ವದೇಶೀ ಪತ್ರಿಕೆಯೇ ಎತ್ತಿ ಆಡಬಹುದೆ ಎಂದು ಕೇಳುವವರಿದ್ದಾರೆ. ಎತ್ತಿ ಆಡಲೇಬೇಕೆಂಬುದು ನಮ್ಮ ಉತ್ತರ. ಖಾದಿಯ ಎಳೆ ಒರಟಾಗಿದ್ದರೆ ಸಹಿಸಿಕೊಳ್ಳುವುದು ದೇಶಭಕ್ತಿ; ಏಕೆಂದರೆ ಸಹಿಸುವವನ ಮೈ ಅವನದೇ. ಸಿಪಾಯಿಯ ಪ್ರಾಣವನ್ನು ಪಣವಿಟ್ಟು ನಾವು ಸಹನೆಯನ್ನು ಮೆರೆಯುವಂತಿಲ್ಲ. ಪ್ಲಾಸ್ಟಿಕ್ಕೇ ದೋಷಿ ಎಂದು ಹೇಳುವುದೂ ಸರಿಯಲ್ಲ. ಅಮೆರಿಕದ ಮರೀನ್ ಪಡೆಯವರು 2016 ರಲ್ಲಿ ಲೋಹದ ಪೆಟ್ಟಿಗೆಯನ್ನು ಬಿಟ್ಟು ಪ್ಲಾಸ್ಟಿಕ್ಕಿನದನ್ನೇ ಒಪ್ಪಿಕೊಂಡರು. ಲೋಹವಾದರೆ ಉಕ್ಕು ತುಕ್ಕು ಹಿಡಿಯುತ್ತದೆ, ಅಲ್ಯುಮಿನಿಯಂ ನಗ್ಗುತ್ತದೆ. ಯಾವ ದ್ರವ್ಯವಾದರೂ ಆಗಬಹುದು. ಅದನ್ನು ಕೂಡಿಸಿದ ಹದ, ಎರಕದ ಅಚ್ಚು, ಪರೀಕ್ಷಕನ ಪ್ರಾಮಾಣಿಕತೆ, ಈ ಮೂರೇ ಮುಖ್ಯ.

ಇದನ್ನು ಈಗ ಹೇಳುವುದಕ್ಕೆ ಕಾರಣವುಂಟು. ಇನ್ಸಾಸಿನ ಕಾಲ ಮುಗಿಯುತ್ತಿದೆ. 2019 ರಲ್ಲಿ ಅಮೆರಿಕದಿಂದ 72,400 ಸಿಗ್ ರೈಫಲುಗಳಿಗೆ ಕರಾರಾಯಿತು. 2021 ರ ಡಿಸೆಂಬರಿನಲ್ಲಿ ರಷ್ಯದವರೊಡನೆ ಆದ ಕರಾರಿನಂತೆ ಅಮೇಠಿಯ ಹತ್ತಿರದ ಕೋರ್ವಾದಲ್ಲಿ 6 ಲಕ್ಷಕ್ಕೂ ಮೇಲ್ಪಟ್ಟು ಎ.ಕೆ.-203 ರೈಫಲುಗಳು ತಯಾರಾಗಬೇಕಾಗಿದೆ. ಒಂದು ರೈಫಲಿಗೆ ನಾಲ್ಕು ಪೆಟ್ಟಿಗೆಗಳೆಂದು ಹಿಡಿದರೂ 24 ಲಕ್ಷ ಬೇಕು. ನೂರಕ್ಕೆ ಒಂದು ಮಾತ್ರ ಕೆಟ್ಟದ್ದೆಂದು ಎಣಿಸಿದರೂ 24,000 ಸಿಪಾಯಿಗಳ ಸೊಂಟದಲ್ಲಿ ಒಂದೊಂದು ವಿಶ್ವಾಸಘಾತಕ ಪೆಟ್ಟಿಗೆ ತೂಗುತ್ತಿರುತ್ತದೆ. ಟೆಂಡರಿನ ಕಾಗದದ ಮೇಲೆ ನೂರಕ್ಕೆ ಒಂದು ಎಂಬುದು ಬಹು ಒಳ್ಳೆಯ ಅಂಕವಾಗಿ ತೋರೀತು. ಆದರೆ ಆ ಒಂದು ಯಾರ ಪಾಲಿಗೆ ಬೀಳುವುದೋ ಅವನಿಗೆ ಅದು ನೂರಕ್ಕೆ ನೂರು.

ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ಅರಿಕೆ ಮೂರು. ಮೊದಲನೆಯದು, ಪೆಟ್ಟಿಗೆಯನ್ನು ರೈಫಲಿನ ಬಾಲವೆಂದೆಣಿಸದೆ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ತೋಟಾ ತುಂಬಿ, ಲಡಾಖಿನ ಚಳಿಯಲ್ಲಿಯೂ ರಾಜಸ್ಥಾನದ ಮರಳಿನಲ್ಲಿಯೂ ಇಟ್ಟು, ತುಟಿಗಳ ಮೇಲೆಯೇ ಬೀಳುವಂತೆ ಕಲ್ಲಿನ ಮೇಲೆ ಕೆಡವಿ, ಆಮೇಲೆ ಹಾರಿಸಿ ನೋಡಬೇಕು. ತಯಾರಿಸಿದವರೇ ಪರೀಕ್ಷಕರಾಗಬಾರದು. ಎರಡನೆಯದು, ಪ್ರತಿಯೊಂದು ಪೆಟ್ಟಿಗೆಯ ಮೇಲೂ ತಯಾರಾದ ವರ್ಷ, ತಂಡಗಳ ಗುರುತಿರಬೇಕು; ಒಂದು ತಂಡದಲ್ಲಿ ದೋಷ ಕಂಡರೆ ತಂಡವನ್ನೆಲ್ಲ ಹಿಂದಕ್ಕೆ ತರಿಸಬೇಕು. ಮೂರನೆಯದು, ಇದೇ ಮುಖ್ಯವಾದುದು: ತೋಟಾಪೆಟ್ಟಿಗೆ ಸವೆಯುವ ವಸ್ತು ಎಂಬುದನ್ನು ಲೆಕ್ಕಪತ್ರದವರು ಒಪ್ಪಿಕೊಳ್ಳಬೇಕು. ತುಟಿ ಬಿರಿದ ಪೆಟ್ಟಿಗೆಯನ್ನು ಬಿರಿದಿದೆ ಎಂದು ತಂದೊಪ್ಪಿಸಿದ ಸಿಪಾಯಿ ನಷ್ಟದ ಹಣ ತೆರಬೇಕಾದೀತೆಂದು ಹೆದರುವಂತಿದ್ದರೆ, ಅವನು ಅದನ್ನು ಮರಳಿ ಚೀಲಕ್ಕೇ ಹಾಕಿಕೊಳ್ಳುತ್ತಾನೆ. ಮುಂದಿನ ಕಾಳಗದಲ್ಲಿ ಅದು ಇನ್ನೊಬ್ಬನ ಕೈಗೆ ಸಿಕ್ಕುತ್ತದೆ. ಕೆಟ್ಟದ್ದನ್ನು ಕೆಟ್ಟದ್ದೆಂದು ಹೇಳುವವನಿಗೆ ದಂಡವಿರುವ ಯಾವ ಇಲಾಖೆಯಲ್ಲಿಯೂ ಒಳ್ಳೆಯದು ನಿಲ್ಲದು.

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಮಾತನ್ನು ನಾವು ಪರರ ಮೌಢ್ಯವನ್ನು ನಗುವುದಕ್ಕಾಗಿ ಬಳಸುತ್ತೇವೆ. ಯುದ್ಧಕಾಲದಲ್ಲಿ ಶಸ್ತ್ರಪರೀಕ್ಷೆ ಅದಕ್ಕಿಂತಲೂ ಕೆಟ್ಟದ್ದು. ಏಕೆಂದರೆ ಅಲ್ಲಿ ಪರೀಕ್ಷೆಗೆ ಒಳಗಾಗುವುದು ಶಸ್ತ್ರವೊಂದೇ ಅಲ್ಲ. ಇಂದು ಗಡಿಯಲ್ಲಿ ಶಾಂತಿಯಿರುವಾಗ ಕಾರ್ಖಾನೆಯ ಮೇಜಿನ ಮೇಲೆ ಒಂದು ಪೆಟ್ಟಿಗೆ ಬಿರಿದರೆ ಹೋಗುವುದು ಕೆಲವು ರೂಪಾಯಿ. ಬಿರಿಯುವುದಿದ್ದರೆ ಅದು ಅಲ್ಲಿಯೇ ಬಿರಿಯಲಿ.