ಗುಜರಿ ಮಾರುತಿಯಿಂದ ಬಗ್ಗಿ

ಕೊಟ್ಟೂರಿನ ನಮ್ಮ ವೆಲ್ಡಿಂಗ್ ಶೆಡ್ಡಿಗೆ ಹುಡುಗರು ಮೊಬೈಲ್ ಹಿಡಿದು ಬರ್ತಾರೆ: "ಅಣ್ಣಾ, ಇಂಥ ಬಗ್ಗಿ ಆಗುತ್ತಾ?" ಆಗುತ್ತೆ. ಮರಳು, ಮಣ್ಣಿನಲ್ಲಿ ಓಡೋ ಇಂಥ ತೆರೆದ ಗಾಡಿಯನ್ನು 1964ರಲ್ಲಿ ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್ ಗ್ಯಾರೇಜಿನಲ್ಲೇ ಫೋಕ್ಸ್‌ವ್ಯಾಗನ್ ಭಾಗ ಸೇರಿಸಿ ಮಾಡಿದ್ದರು.

ನಮಗೆ ಗುಜರಿಯ ಮಾರುತಿ 800 ಸಾಕು. ಅದರ ಎಂಜಿನ್, ಗೇರ್‌ಬಾಕ್ಸ್ ಒಂದೇ ಕಟ್ಟು. ಮುಂದಿನ ಚಕ್ರಗಳ ಸಮೇತ ಎತ್ತಿ ಡ್ರೈವರ್ ಬೆನ್ನ ಹಿಂದೆ ಕೂರಿಸಿದರಾಯ್ತು. ಆದರೆ ಆ ಚಕ್ರಗಳು ಎಡಬಲ ತಿರುಗುವಂಥವು, ಹಿಂದೆ ಕೂತಾಗ ತಿರುಗಬಾರದು. ಟೈ ರಾಡ್‌ಗಳನ್ನು ಚಾಸಿಗೆ ಬಿಗಿಯಲೇಬೇಕು. ತಲೆ ಕಾಯುವ ಕೇಜಿಗೆ ನೀರಿನ ಪೈಪ್ ತಂದರೆ ನಾನು ವೆಲ್ಡಿಂಗ್ ಹೋಲ್ಡರ್ ಮುಟ್ಟಲ್ಲ. ಸೀಮ್‌ಲೆಸ್ ಪೈಪೇ ಬೇಕು, ಮೂಲೆಗಳಿಗೆ ತ್ರಿಕೋನದ ಆಸರೆ.

ಕೂಡ್ಲಿಗಿ ಕಡೆಯ ಮಸಾರಿ ಮಣ್ಣಿನಲ್ಲಿ ಬಗ್ಗಿ ಓಡಿಸೋದು ಸಲೀಸು. ಹಡಗಲಿಯ ಎರೆಮಣ್ಣು ಮಳೆಗಾಲದಲ್ಲಿ ಟೈರನ್ನೇ ನುಂಗುತ್ತೆ. ಗುಡೇಕೋಟೆ ಕರಡಿಧಾಮದ ಕಡೆ ತಿರುಗಿಸೋ ಮಾತೇ ಬೇಡ. ರಸ್ತೆಗೂ ಇಳಿಸೋಹಾಗಿಲ್ಲ, ಗಾಡಿಯ ಮೂಲ ರಚನೆ ಬದಲಿಸೋದನ್ನು ತಡೆಯುವ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತೆ. ಸ್ವಂತ ಹೊಲದಲ್ಲಿ ಓಡಿಸಲಿ, ಜೋಳ ಕೊಯ್ದಾದ ಮೇಲೆ.