ಟೋಕನ್ ಕೊಡುವ ಮುನ್ನ...

ಸೀಟು ಖಾತ್ರಿಯಾಯಿತು, ಫೀಸೂ ಕಟ್ಟಿ ಆಯಿತು. ಇನ್ನು ಉಳಿದದ್ದು ಮನೆ. ಹಾಸ್ಟೆಲಿನಲ್ಲಿ ಜಾಗವಿಲ್ಲ, ಪಿ.ಜಿ. ಊಟ ಮಗಳಿಗೆ ಒಗ್ಗದು. ಊರಿನ ಇನ್ನಿಬ್ಬರು ಹುಡುಗಿಯರಿಗೂ ಅದೇ ಕಾಲೇಜು ಸಿಕ್ಕಿದೆ. ಮೂವರೂ ಸೇರಿ ಒಂದು ಮನೆ ಹಿಡಿದರೆ ಹೇಗೆ? ಹೀಗೆ ಲೆಕ್ಕ ಹಾಕಿಕೊಂಡು ರಾತ್ರಿ ಬಸ್ಸು ಹತ್ತಿ, ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿಯುವ ಅಪ್ಪ-ಮಗಳ ಜೋಡಿಗಳನ್ನು ಬೆಂಗಳೂರು ಪ್ರತಿವರ್ಷ ಕಾಣುತ್ತದೆ.

ಅಂಥ ಒಂದು ಜೋಡಿ ಹನುಮಂತನಗರದ ಎರಡನೇ ಮಹಡಿಯ ಮನೆಯೊಂದರಲ್ಲಿ ನಿಂತಿದೆ ಎಂದುಕೊಳ್ಳಿ. ಬೀಗ ತೆಗೆದವನು ಬ್ರೋಕರ್.

‘ನೀರಿನ ತೊಂದ್ರೆ ಇಲ್ವೇ ಇಲ್ಲ ಸಾರ್. ಬೆಳಿಗ್ಗೆಯಿಂದ ಮೂರು ಪಾರ್ಟಿ ನೋಡ್ಕೊಂಡು ಹೋದ್ರು. ಸಂಜೆವರೆಗೂ ಮನೆ ನಿಲ್ಲಲ್ಲ, ಟೋಕನ್ ಹಾಕ್ಬಿಡಿ.’

‘ಓನರ್ ಎಲ್ಲಿದ್ದಾರಪ್ಪ?’

‘ಅವ್ರು ಅಮೆರಿಕಾದಲ್ಲಿ ಮಗನ ಮನೇಲಿದ್ದಾರೆ ಸಾರ್. ಇಲ್ಲಿದ್ದೆಲ್ಲ ನಾನೇ ನೋಡ್ಕೊಳ್ಳೋದು.’

ಬ್ರೋಕರನ ಮಾತು ಪೂರ್ತಿ ನಿಜವೇ ಇರಬಹುದು. ದಲ್ಲಾಳಿಗಳೆಲ್ಲ ಮೋಸಗಾರರೇನಲ್ಲ, ಗುರುತಿಲ್ಲದ ಊರಿನಲ್ಲಿ ಒಂದೇ ದಿನ ಆರು ಮನೆ ತೋರಿಸುವವನ ಶ್ರಮಕ್ಕೂ ಬೆಲೆಯಿದೆ. ಆದರೆ ಆತನ ಕೆಲಸ ಮುಗಿಯುವುದು ಅಡ್ವಾನ್ಸ್ ಕೈ ಬದಲಾಯಿಸಿದ ದಿನ. ಬಾಡಿಗೆದಾರನ ತಾಪತ್ರಯ ಸಾಮಾನ್ಯವಾಗಿ ಶುರುವಾಗುವುದು ಆ ಅಡ್ವಾನ್ಸ್ ವಾಪಸು ಕೇಳುವ ದಿನ. ನಡುವೆ ಹನ್ನೊಂದು ತಿಂಗಳು.

ಈ ಹನ್ನೊಂದರ ಗುಟ್ಟೇನು ಎಂದು ಮಕ್ಕಳು ಕೇಳುವುದುಂಟು. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಓಡಾಟ, ಖರ್ಚು ಬೇಡವೆಂದೇ ಹನ್ನೊಂದು ತಿಂಗಳಿಗೆ ಗೆರೆ ಎಳೆಯುತ್ತಾರೆ. ಅವಧಿ ಮುಗಿದಾಗ ಬಾಡಿಗೆ ಏರಿಸುವುದು ವಾಡಿಕೆ. ಕರಾರು ನವೀಕರಿಸಿಕೊಟ್ಟೆನೆಂದು ಬ್ರೋಕರ್ ಮತ್ತೆ ಕಮಿಷನ್ ಕೇಳುವುದೂ ಉಂಟು. ಅದಕ್ಕೆ ಒಪ್ಪಿಗೆಯೋ ಅಲ್ಲವೋ ಎಂಬುದನ್ನು ಮೊದಲ ದಿನವೇ ಹೇಳಿಬಿಡುವುದು ಲೇಸು.

ಈಗ ದುಡ್ಡಿನ ವಿಚಾರ. ಬಾಡಿಗೆ ತಿಂಗಳಿಗೆ 15,000 ರೂಪಾಯಿ ಎನ್ನೋಣ. ಮೂವರಿಗೆ ತಲಾ ಐದು ಸಾವಿರ, ಪಿ.ಜಿ.ಗಿಂತ ಅಗ್ಗ ಎನಿಸುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ಹಳೆಯ ರೂಢಿ. ಈಗ ಐದಾರು ತಿಂಗಳಿಗೆ ಒಪ್ಪುವ ಮಾಲೀಕರೂ ಇದ್ದಾರೆ. ಐದೇ ತಿಂಗಳೆಂದರೂ 75,000. ಬ್ರೋಕರನಿಗೆ ಒಂದು ತಿಂಗಳ ಬಾಡಿಗೆ, 15,000. ಮನೆ ಬಿಡುವಾಗ ಸುಣ್ಣಬಣ್ಣದ ಬಾಬ್ತು ಇನ್ನೊಂದು ತಿಂಗಳದ್ದು ಮುರಿದುಕೊಳ್ಳುತ್ತಾರೆ. ಅಲ್ಲಿಗೆ ಹನ್ನೊಂದು ತಿಂಗಳಿಗೆ ಕೈಬಿಟ್ಟು ಹೋಗುವ ಹಣ 1,95,000. ತಿಂಗಳಿಗೆ ಭಾಗಿಸಿದರೆ 15,000ದ ಮನೆ 17,700ಕ್ಕೂ ಮೇಲೆ ಬಿತ್ತು! ನೀರು, ಕರೆಂಟು, ಮೇಂಟೆನೆನ್ಸ್ ಬೇರೆ.

ಕೇಂದ್ರ ಸಚಿವ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದೆನ್ನುತ್ತದೆ. ಆದರೆ ಹೆಸರೇ ಹೇಳುವಂತೆ ಅದೊಂದು ಮಾದರಿ. ರಾಜ್ಯವೊಂದು ತಾನೇ ಅದನ್ನು ಕಾನೂನಾಗಿ ಮಾಡಿಕೊಳ್ಳದ ಹೊರತು ಯಾವ ಮಾಲೀಕನನ್ನೂ ಕಟ್ಟಿಹಾಕದು.

ಬಣ್ಣದ ವಿಷಯದಲ್ಲಿ ಮಾತ್ರ ಹಳೆಯ ಕಾನೂನೊಂದು ಬಾಡಿಗೆದಾರನ ಪರವಾಗಿದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಂತೆ, ಮನೆಯನ್ನು ಮೊದಲಿದ್ದ ಸ್ಥಿತಿಯಲ್ಲೇ ಒಪ್ಪಿಸಬೇಕು, ನಿಜ. ಆದರೆ ಸಹಜ ಬಳಕೆಯಿಂದ ಆದ ಸವಕಳಿಗೆ ಬಾಡಿಗೆದಾರ ಹೊಣೆಯಲ್ಲ. ಇಲ್ಲೊಂದು ಕೊಕ್ಕೆಯಿದೆ. ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿದ್ದರೆ ಬರೆದದ್ದೇ ನಡೆಯುತ್ತದೆ. ಬ್ರೋಕರ್ ಟೈಪು ಮಾಡಿಸಿ ತರುವ ಸಿದ್ಧ ಕರಾರಿನ ಆರನೆಯದೋ ಏಳನೆಯದೋ ಷರತ್ತಿನಲ್ಲಿ ‘ಒಂದು ತಿಂಗಳ ಬಾಡಿಗೆ ಬಣ್ಣಕ್ಕೆ’ ಎಂಬ ಸಾಲು ತಣ್ಣಗೆ ಕೂತಿರುತ್ತದೆ. ಎಷ್ಟೋ ತಂದೆಯರು ಅದನ್ನು ಮೊದಲು ಓದುವುದು ಮನೆ ಖಾಲಿ ಮಾಡುವ ದಿನ. ಸಹಿಗೆ ಮುನ್ನ ಓದಿದರೆ ಅರ್ಧಕ್ಕಾದರೂ ಇಳಿಸಬಹುದು. ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸು ಎಂಬುದನ್ನೂ ಸೇರಿಸಬಹುದು.

ಸಹಿ ಎಂದಾಗ ಒಂದು ಮಾತು. ಹದಿನೆಂಟು ತುಂಬದ ಮಗ ಅಥವಾ ಮಗಳು ಮಾಡಿದ ಕರಾರಿಗೆ ಕಾನೂನಿನ ಬಲವಿಲ್ಲ. ಪಿಯುಸಿ ಮಕ್ಕಳ ಮನೆಗೆ ಅಪ್ಪನೋ ಅಮ್ಮನೋ ಸಹಿ ಹಾಕಬೇಕು.

ಎಲ್ಲಕ್ಕಿಂತ ಜೋಪಾನವಾಗಿರಬೇಕಾದದ್ದು ‘ಲೀಸ್’ ಅಥವಾ ಭೋಗ್ಯದ ಮನೆಗಳಲ್ಲಿ. ಒಂದೇ ಗಂಟಿನಲ್ಲಿ ಲಕ್ಷಗಟ್ಟಲೆ ಕೊಟ್ಟರೆ ತಿಂಗಳ ಬಾಡಿಗೆಯಿಲ್ಲ, ಬಿಡುವಾಗ ಪೂರ್ತಿ ಹಣ ವಾಪಸು. ಮಗನ ನಾಲ್ಕು ವರ್ಷದ ಓದಿಗೆ ಇದೇ ಸರಿ ಎಂದು ತೋಟದ ಹಣ ತರುವವರಿದ್ದಾರೆ. ಬೆಂಗಳೂರಿನಲ್ಲಿ ನಡೆದಿರುವ ಒಂದು ಬಗೆಯ ವಂಚನೆ ಹೀಗೆ: ಮಧ್ಯವರ್ತಿ ಮಾಲೀಕನಿಂದ ಮನೆಯನ್ನು ತಿಂಗಳ ಬಾಡಿಗೆಗೆ ಪಡೆಯುತ್ತಾನೆ, ಅದನ್ನೇ ಇನ್ನೊಬ್ಬರಿಗೆ ಭೋಗ್ಯಕ್ಕೆ ಕೊಟ್ಟು ಗಂಟು ತಾನಿಟ್ಟುಕೊಳ್ಳುತ್ತಾನೆ. ಕೆಲವು ತಿಂಗಳು ಮಾಲೀಕನಿಗೆ ಬಾಡಿಗೆ ಹೋಗುತ್ತದೆ, ಆಮೇಲೆ ಮಧ್ಯವರ್ತಿಯೇ ನಾಪತ್ತೆ. ಬಾಡಿಗೆ ಬಾಕಿ ಕೇಳಲು ಮಾಲೀಕ ಬಂದಾಗ ಒಳಗಿದ್ದವರಿಗೆ ನೆಲ ಕುಸಿದಂತಾಗುತ್ತದೆ.

1999ರ ಕರ್ನಾಟಕ ಬಾಡಿಗೆ ಕಾಯ್ದೆ ದಲ್ಲಾಳಿಗಳು ನೋಂದಾಯಿಸಿಕೊಳ್ಳಬೇಕೆಂದು ಹೇಳುತ್ತದೆ. ನೋಂದಣಿ ಪತ್ರ ತೋರಿಸಿ ಎಂದು ಕೇಳುವವರು ಎಷ್ಟು ಮಂದಿಯೋ! ಅದಕ್ಕಿಂತ ನೇರವಾದ ದಾರಿ, ಮಾಲೀಕರನ್ನೇ ಹಿಡಿಯುವುದು. ಅಮೆರಿಕಾದಲ್ಲಿದ್ದರೇನಂತೆ, ಫೋನಿನಲ್ಲಿ ಮುಖ ನೋಡಿ ಮಾತನಾಡಬಹುದು. ಆಸ್ತಿ ತೆರಿಗೆ ರಸೀದಿಯಲ್ಲಿ ಯಾರ ಹೆಸರಿದೆಯೋ ಅವರ ಬ್ಯಾಂಕ್ ಖಾತೆಗೇ ಅಡ್ವಾನ್ಸ್ ಕಟ್ಟಬೇಕು. ಅವರ ಪರವಾಗಿ ಬೇರೆಯವರು ಸಹಿ ಮಾಡುವುದಾದರೆ ಅಧಿಕಾರ ಪತ್ರ ನೋಡಬೇಕು. ಭೋಗ್ಯವಾದರೆ ಋಣಭಾರ ಪತ್ರವನ್ನೂ ತೆಗೆಸಿ, ಮನೆಯ ಮೇಲೆ ಬ್ಯಾಂಕ್ ಸಾಲವಿದೆಯೇ ಎಂದು ವಿಚಾರಿಸಬೇಕು. ಒಳ್ಳೆಯ ಬ್ರೋಕರ್ ಇದಕ್ಕೆ ಬೇಸರಿಸುವುದಿಲ್ಲ.

ಹನುಮಂತನಗರದ ಆ ಅಪ್ಪ ಟೋಕನ್ ಕೊಡಲಿಲ್ಲ ಎನ್ನೋಣ. ಮೆಟ್ಟಿಲಿಳಿದು, ಕೆಳಗಿನ ಮನೆಯ ಬಾಗಿಲಲ್ಲಿ ಹೂ ಕಟ್ಟುತ್ತಿದ್ದ ಅಮ್ಮನನ್ನು ಎರಡೇ ಪ್ರಶ್ನೆ ಕೇಳಿದರೆ ಸಾಕು: ‘ಕಾವೇರಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತಮ್ಮಾ? ಮೇಲಿದ್ದ ಹುಡುಗರಿಗೆ ಅಡ್ವಾನ್ಸ್ ಪೂರ್ತಿ ವಾಪಸು ಸಿಕ್ತಾ?’